ಸವಕಳಿಯ ಪಾಠ ಹೇಳುವವನ ಕಾರು

2025ರ ಯುಗಾದಿಗೆ ಊರಿಗೆ ಹೊರಟಿದ್ದಾಗ, ತರೀಕೆರೆ ದಾಟಿ ಭದ್ರಾವತಿಯ ಅಂಚಿಗೆ ಬರುವವರೆಗೆ ನನ್ನ ವಿದ್ಯುತ್ ಕಾರಿನ ಚಾರ್ಜ್ ಶೇಕಡಾ 21 ಎಂದು ತೋರಿಸುತ್ತಿತ್ತು. ಮುಂದಿನ ತಿರುವು ಮುಗಿಯುವಷ್ಟರಲ್ಲಿ ಅದು 11 ಆಗಿತ್ತು. ನಡುವಿನ ಹತ್ತು ಅಂಕಿಗಳು ಎಲ್ಲಿಗೆ ಹೋದವೆಂದು ಯೋಚಿಸುವ ವ್ಯವಧಾನವೂ ಇರಲಿಲ್ಲ. ಎ.ಸಿ. ಆರಿಸಿ, ಕಿಟಕಿ ಇಳಿಸಿ, ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಲಾರಿಗಳ ಹಿಂದೆ ತೆವಳುತ್ತ ಶಿವಮೊಗ್ಗದ ಚಾರ್ಜಿಂಗ್ ಕೇಂದ್ರವನ್ನು ತಲುಪಿದಾಗ ಉಳಿದಿದ್ದುದು ಶೇಕಡಾ 3. ಪಕ್ಕದಲ್ಲಿ ಕುಳಿತಿದ್ದ ನನ್ನ ಪತ್ನಿ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಿರಲಿಲ್ಲ. ನಾನು ಕೇಬಲ್ ಸಿಕ್ಕಿಸಿ ಬಂದ ಮೇಲೆ, "ಇದನ್ನು ಕೊಟ್ಟು ಹೊಸದು ತಗೊಳ್ಳೋಣ ರೀ, ಸಾಕು" ಎಂದಳು. ನನಗೂ ಆ ಕ್ಷಣದಲ್ಲಿ ಬೇರೆ ಅಭಿಪ್ರಾಯವಿರಲಿಲ್ಲ. ಅಲ್ಲಿಂದ ತೀರ್ಮಾನಕ್ಕೆ ಬರಲು ಏಳು ತಿಂಗಳು ಹಿಡಿಯಿತು.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ಸ್ಥಿರ ಕಂತಿನ ಪದ್ಧತಿ, ಇಳಿಮುಖ ಶೇಷ ಪದ್ಧತಿ ಎಂದು ಸವಕಳಿಯ, ಅಂದರೆ ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಯುವ ಲೆಕ್ಕವನ್ನು ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುವವನು. ಆ ಲೆಕ್ಕ ನನ್ನ ಸ್ವಂತ ಗ್ಯಾರೇಜಿಗೆ ಬಂದು ನಿಂತಾಗ ಎಷ್ಟು ತಡಬಡಾಯಿಸಿದೆ ಎಂಬುದನ್ನು ಬರೆದಿಡುವುದು, ಇದೇ ಗೊಂದಲದಲ್ಲಿರುವ ಇತರರಿಗೆ ಉಪಯೋಗವಾದೀತೆಂದು ಭಾವಿಸಿದ್ದೇನೆ.

ಕಾರು ಟಾಟಾ ನೆಕ್ಸಾನ್ ಇವಿ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನದು. ನಾನು ಕೊಂಡದ್ದು 2021ರ ಫೆಬ್ರವರಿಯಲ್ಲಿ. ಬ್ಯಾಟರಿಯ ಸಾಮರ್ಥ್ಯ 30.2 ಕಿಲೋವ್ಯಾಟ್-ಅವರ್ (ಒಂದು ಕಿಲೋವ್ಯಾಟ್-ಅವರ್ ಎಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್), ಒಂದು ಪೂರ್ತಿ ಚಾರ್ಜಿಗೆ ಪ್ರಮಾಣಪತ್ರದಲ್ಲಿ ಬರೆದಿದ್ದ ಓಟ 312 ಕಿಲೋಮೀಟರ್, ಹೆದ್ದಾರಿಯಲ್ಲಿ ನನಗೆ ಸಿಗುತ್ತಿದ್ದುದು 210ರ ಆಸುಪಾಸು. ಆಗ ಕೊಳ್ಳುವ ನಿರ್ಧಾರ ಸುಲಭವಾಗಿತ್ತು, ಏಕೆಂದರೆ ಬಿಟ್ಟದ್ದು ಪೆಟ್ರೋಲ್ ಕಾರನ್ನು. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಓಡಿಸುವ ನನಗೆ ಕಿಲೋಮೀಟರಿಗೆ ಐದು ರೂಪಾಯಿಗೂ ಮೀರಿ ಉಳಿಯುತ್ತಿತ್ತು. ರಾಜ್ಯದಲ್ಲಿ ವಿದ್ಯುತ್ ವಾಹನಗಳಿಗೆ ಜೀವಾವಧಿ ತೆರಿಗೆಯ ವಿನಾಯಿತಿಯಿತ್ತು. ಆದಾಯ ತೆರಿಗೆಯ 80ಇಇಬಿ ಕಲಮಿನಡಿ ಸಾಲದ ಬಡ್ಡಿಯಲ್ಲಿ ಒಂದೂವರೆ ಲಕ್ಷ ರೂಪಾಯಿಯವರೆಗೆ ಕಡಿತವೂ ಸಿಗುತ್ತಿತ್ತು. ಸಹೋದ್ಯೋಗಿಗಳಿಗೆ ಈ ಲೆಕ್ಕವನ್ನು ಹೇಳಿ ಹೇಳಿ ಅದು ನನಗೆ ಬಾಯಿಪಾಠವಾಗಿತ್ತು. ಈ ಸಲ ನಾನು ಮಾಡಿದ ಮೊದಲ ತಪ್ಪೆಂದರೆ, ಆ ಹಳೆಯ ಬಾಯಿಪಾಠವನ್ನೇ ಹೊಸ ಪ್ರಶ್ನೆಗೂ ಒಪ್ಪಿಸಿದ್ದು.

ನನ್ನ ಓಡಾಟದಲ್ಲಿ ಹೆಚ್ಚಿನದು ನಗರದೊಳಗೇ. ಅದರ ಬಗ್ಗೆ ದೂರೇನೂ ಇಲ್ಲ. ಸಮಸ್ಯೆ ಇರುವುದು ಊರಿನ ದಾರಿಯಲ್ಲಿ. ಸಾಗರದ ಆಚೆಗಿನ ನಮ್ಮ ಮನೆಗೆ ಬೆಂಗಳೂರಿನ ವಿಜಯನಗರದಿಂದ ಸುಮಾರು 375 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ಎಂದು ಈ ಊರುಗಳ ಹೆಸರನ್ನು ನಾನು ಚಾರ್ಜಿನ ಶೇಕಡಾವಾರು ಲೆಕ್ಕದಲ್ಲೇ ನೆನಪಿಟ್ಟುಕೊಂಡಿದ್ದೇನೆ. ಅಮ್ಮ ಒಬ್ಬರೇ ಇರುವುದರಿಂದ ವರ್ಷಕ್ಕೆ ಒಂಬತ್ತು ಸಲವಾದರೂ ಹೋಗಿಬರುತ್ತೇವೆ. ತಿಪಟೂರಿನ ಬಳಿ ಮುಕ್ಕಾಲು ಗಂಟೆ, ಶಿವಮೊಗ್ಗದಲ್ಲಿ ಅರ್ಧ ಗಂಟೆಗಿಂತ ಕೊಂಚ ಹೆಚ್ಚು, ಹೀಗೆ ಎರಡು ನಿಲುಗಡೆಗಳು ಬೇಕು. ಚಾರ್ಜಿಂಗ್ ಕೇಂದ್ರದ ಯಂತ್ರ ಎಷ್ಟೇ ದೊಡ್ಡದಿದ್ದರೂ ನನ್ನ ಕಾರು 25 ಕಿಲೋವ್ಯಾಟಿನ ಆಸುಪಾಸಿನಲ್ಲಿ ಮಾತ್ರ ಕುಡಿಯುತ್ತದೆ. ಹೊಳೆಗೆ ಹೋದರೂ ಚೊಂಬಿನ ಬಾಯಿ ಇದ್ದಷ್ಟೇ ತಾನೆ ನೀರು ತುಂಬುವುದು.

ಏಪ್ರಿಲಿನಲ್ಲಿ ಮಳಿಗೆಗಳನ್ನು ಸುತ್ತತೊಡಗಿದೆವು. ಆಯ್ಕೆಗಳು 2021ರಲ್ಲಿದ್ದುದಕ್ಕಿಂತ ಎಷ್ಟೋ ಹೆಚ್ಚಾಗಿದ್ದವು. ದೊಡ್ಡ ಬ್ಯಾಟರಿಯ ಕಾರುಗಳ ಮೇಲಿನ ದರ್ಜೆಗಳನ್ನು ಬೇಗನೆ ಕೈಬಿಟ್ಟೆವು. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ 2024ರಿಂದ ರಾಜ್ಯದಲ್ಲಿ ಶೇಕಡಾ 10ರ ಜೀವಾವಧಿ ತೆರಿಗೆ ಬಂದಿರುವುದು ಒಂದು ಕಾರಣ, ಅಷ್ಟು ಹಣವೇ ಇಲ್ಲದಿರುವುದು ಇನ್ನೊಂದು. ಎಂಜಿ ಕಂಪನಿ ತನ್ನ ವಿಂಡ್ಸರ್ ಕಾರಿಗೆ 2024ರಲ್ಲಿ ತಂದ, ಕಾರಿಗೆ ಒಂದು ಬೆಲೆ ಮತ್ತು ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ಎಂಬ ಯೋಜನೆ ಮೇಲ್ನೋಟಕ್ಕೆ ಆಕರ್ಷಕವಾಗಿ ಕಂಡಿತು. ಆದರೆ ನನ್ನ ಓಡಾಟಕ್ಕೆ ಅದು ವರ್ಷಕ್ಕೆ ಐವತ್ತು ಸಾವಿರ ದಾಟುತ್ತಿತ್ತು. ಕಡೆಗೆ ನಿಂತದ್ದು ನಮ್ಮದೇ ಕಾರಿನ ಹೊಸ ರೂಪದಲ್ಲಿ: 2024ರ ಸೆಪ್ಟೆಂಬರಿನಲ್ಲಿ ಬಂದ, 45 ಕಿಲೋವ್ಯಾಟ್-ಅವರ್ ಬ್ಯಾಟರಿಯ, 489 ಕಿಲೋಮೀಟರ್ ಓಟದ ಪ್ರಮಾಣವಿರುವ ನೆಕ್ಸಾನ್. ನಮಗೆ ಹಿಡಿಸಿದ ದರ್ಜೆಗೆ ವಿಮೆ, ನೋಂದಣಿ ಎಲ್ಲ ಸೇರಿ 17 ಲಕ್ಷ 60 ಸಾವಿರ ಎಂದು ಬರೆದುಕೊಟ್ಟರು.

ಹಳೆಯ ಕಾರಿಗೆ ಬೆಲೆ ಕಟ್ಟಿಸುವ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಳಿಗೆಯವರು ಕಳಿಸಿದ ಯುವಕ ಒಂದು ಸಣ್ಣ ಉಪಕರಣವನ್ನು ಕಾರಿನ ಮೈಗೆ ಅಲ್ಲಲ್ಲಿ ಒತ್ತಿ ಬಣ್ಣದ ದಪ್ಪವನ್ನು ಅಳೆದರು, ಟೈರಿನ ಗೆರೆಗಳ ಆಳವನ್ನು ನೋಡಿದರು, ಡಿಕ್ಕಿಯ ಕಾರ್ಪೆಟ್ ಎತ್ತಿ ತುಕ್ಕು ಹುಡುಕಿದರು, ಬಾನೆಟ್ ತೆರೆದು ಒಂದು ಫೋಟೋ ತೆಗೆದು ಮುಚ್ಚಿದರು. ಎಡ ಬಾಗಿಲಿನ ಮೇಲೆ ಬೆರಳುಗುರಿನಷ್ಟು ಗೀರಿಗೆ ಎಂಟು ಸಾವಿರ ಕಡಿತವಾಯಿತು. ಬ್ಯಾಟರಿಯ ಬಗ್ಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಕಿಲೋಮೀಟರ್ ಓಡಿದೆ ಸರ್?" ಆಗ 65,000 ದಾಟಿತ್ತು. ನಾನು ಕಾರು ಕೊಂಡ ದಿನದಿಂದ ಚಾರ್ಜಿನ ಲೆಕ್ಕ ಬರೆದಿಟ್ಟ ಪುಸ್ತಕವನ್ನು ಅವರ ಮುಂದೆ ಹಿಡಿದೆ. ಅವರು ಸೌಜನ್ಯಕ್ಕಾಗಿ ಎರಡು ಪುಟ ತಿರುವಿ, "ಇದನ್ನು ಹಾಕೋಕೆ ನಮ್ಮ ಆ್ಯಪ್‌ನಲ್ಲಿ ಜಾಗ ಇಲ್ಲ ಸರ್" ಎಂದು ಹಿಂದಿರುಗಿಸಿದರು. ಕಾರಿನ ಅತ್ಯಂತ ದುಬಾರಿ ಭಾಗವನ್ನು ಬಿಟ್ಟು ಉಳಿದೆಲ್ಲವನ್ನೂ ಅಳೆದು ಅವರು ಕೊಟ್ಟ ಬೆಲೆ 6 ಲಕ್ಷ 75 ಸಾವಿರ, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 35 ಸಾವಿರ.

ಈ ಬೋನಸ್ ಎಂಬುದು ಎಷ್ಟರಮಟ್ಟಿಗೆ ನಿಜವಾದ ಬೋನಸ್ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಹಳೆಯ ಕಾರು ಕೊಡದೆ ಹೊಸದನ್ನಷ್ಟೇ ಕೊಂಡರೆ ಬೆಲೆ ಎಷ್ಟು ಎಂದು ಬೇರೆಯವರ ಮೂಲಕ ಕೇಳಿಸಿದಾಗ, ರಿಯಾಯಿತಿ ಇಪ್ಪತ್ತೈದು ಸಾವಿರ ಹೆಚ್ಚು ಸಿಕ್ಕಿತು. ಅಂದರೆ ಬಲಗೈಯಲ್ಲಿ ಕೊಟ್ಟದ್ದರ ಬಹುಪಾಲನ್ನು ಎಡಗೈಯಲ್ಲಿ ತೆಗೆದುಕೊಂಡಿದ್ದರು. ಹಳೆಯ ಕಾರುಗಳನ್ನು ಕೊಳ್ಳುವ ಇನ್ನೊಂದು ಸಂಸ್ಥೆಯವರು ಫೋನಿನಲ್ಲಿ 7 ಲಕ್ಷ 90 ಸಾವಿರದ ಆಸೆ ತೋರಿಸಿ, ಮನೆಗೆ ಬಂದು ನೋಡಿದ ಮೇಲೆ 6 ಲಕ್ಷ 40 ಸಾವಿರಕ್ಕೆ ಇಳಿದರು. ಸಹೋದ್ಯೋಗಿಯೊಬ್ಬರ ಪರಿಚಯದವರು ನೇರವಾಗಿ 7 ಲಕ್ಷ 60 ಸಾವಿರ ಕೊಡಲು ಸಿದ್ಧರಿದ್ದರು. ಈ ಅಂತರಕ್ಕೆ ವ್ಯಾಪಾರಿಗಳ ಲಾಭದಾಸೆಯೊಂದೇ ಕಾರಣವಲ್ಲ. ನೋಂದಾಯಿತ ವ್ಯಾಪಾರಿ ಹಳೆಯ ವಿದ್ಯುತ್ ಕಾರನ್ನು ಮಾರಿದಾಗ ತನ್ನ ಲಾಭಾಂಶದ ಮೇಲೆ ಶೇಕಡಾ 18ರ ಜಿಎಸ್‌ಟಿ ಕಟ್ಟಬೇಕೆಂದು 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ತೀರ್ಮಾನವಾಗಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಮಾರುವಾಗ ಈ ತೆರಿಗೆ ಇಲ್ಲ. ಆದರೆ ನೇರ ಮಾರಾಟದಲ್ಲಿ ಫಾರಂ 29, ಫಾರಂ 30 ತುಂಬಿ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಗುವವರೆಗೂ ಕಾರಿನ ಹೊಣೆ ನಮ್ಮ ತಲೆಯ ಮೇಲೆಯೇ ಇರುತ್ತದೆ. ಬಿಡುವಿಲ್ಲದವರು ಐವತ್ತು ಸಾವಿರ ಕಳೆದುಕೊಂಡರೂ ಮಳಿಗೆಗೇ ಕೊಡುವುದು ಇದೇ ಕಾರಣಕ್ಕಾಗಿ.

ಆ್ಯಪ್‌ನಲ್ಲಿ ಜಾಗವಿಲ್ಲದ ನನ್ನ ಪುಸ್ತಕ ಅಂದು ರಾತ್ರಿ ನನಗೇ ಉಪಯೋಗಕ್ಕೆ ಬಂತು. ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆಂದೇ ಪ್ರತ್ಯೇಕ ಮೀಟರ್ ಇದೆ. (ಗೃಹಜ್ಯೋತಿ ಬಂದ ಮೇಲೆ ಇದು ಇನ್ನೊಂದು ರೀತಿಯಲ್ಲೂ ಉಪಕಾರವಾಯಿತು, ಕಾರಿನ ಯೂನಿಟ್‌ಗಳು ಮನೆಯ ಮೀಟರಿಗೆ ಸೇರಿದ್ದರೆ 200ರ ಮಿತಿ ಯಾವ ತಿಂಗಳೂ ಉಳಿಯುತ್ತಿರಲಿಲ್ಲ.) 2021ರ ಮಾರ್ಚಿನಲ್ಲಿ ಶೇಕಡಾ 20ರಿಂದ 100ರವರೆಗೆ ತುಂಬಿಸಿದಾಗ ಮೀಟರ್ 27.2 ಯೂನಿಟ್ ತೋರಿಸಿತ್ತೆಂದು ಅದರಲ್ಲಿ ಬರೆದಿತ್ತು. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಸ್ವಲ್ಪ ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ. ಆದರೆ ಅದೇ ಸಾಕೆಟ್, ಅದೇ ಚಾರ್ಜರ್, ಅದೇ ಶೇಕಡಾ 20 ಆದ್ದರಿಂದ ಆ ನಷ್ಟ ಎರಡೂ ಕಡೆ ಒಂದೇ ಎಂದು ಇಟ್ಟುಕೊಂಡು ಹೋಲಿಸಬಹುದು. ಮತ್ತೆ ಹಾಗೆಯೇ ತುಂಬಿಸಿ ನೋಡಿದೆ. 24.5 ಯೂನಿಟ್ ಹೋಯಿತು. ಅಂದರೆ ಸಾಮರ್ಥ್ಯ ಮೊದಲಿನ ಶೇಕಡಾ 90ರಷ್ಟಿದೆ. ನಾಲ್ಕು ವರ್ಷ ಬೆಂಗಳೂರು, ಮಲೆನಾಡು ಎಂದು ಓಡಿದ ಬ್ಯಾಟರಿಗೆ ಇದು ಅವಮಾನದ ಅಂಕವೇನಲ್ಲ.

ಹಾಗಿದ್ದರೆ ಭದ್ರಾವತಿಯಲ್ಲಿ ಮಾಯವಾದ ಹತ್ತು ಅಂಕಿಗಳು ಯಾವುವು? ಈ ಕಾರಿನಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು. ಇವುಗಳ ಗುಣವೆಂದರೆ, ತುಂಬಿದ ಸ್ಥಿತಿಯಿಂದ ಬಹುತೇಕ ಬರಿದಾಗುವವರೆಗೂ ವೋಲ್ಟೇಜ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಪಾರದರ್ಶಕವಲ್ಲದ ಡ್ರಮ್ಮಿನಲ್ಲಿ ಎಷ್ಟು ನೀರಿದೆಯೆಂದು ಹೊರಗಿನಿಂದ ಬರಿಗಣ್ಣಿನಲ್ಲಿ ನೋಡಿ ಹೇಳಲಾಗದಂತೆ, ಬ್ಯಾಟರಿಯ ನಿಯಂತ್ರಣ ವ್ಯವಸ್ಥೆಗೂ ನಡುವಿನ ಮಟ್ಟ ಗೊತ್ತಾಗುವುದಿಲ್ಲ. ಅದು ಒಳಬಂದದ್ದು, ಹೊರಹೋದದ್ದು ಇವೆರಡರ ಲೆಕ್ಕ ಇಟ್ಟು ಊಹಿಸುತ್ತದೆ, ಪೂರ್ತಿ ತುಂಬಿದಾಗ ಅಥವಾ ಬರಿದಾಗುತ್ತ ಬಂದಾಗ ಮಾತ್ರ ಆ ಲೆಕ್ಕವನ್ನು ತಾಳೆ ನೋಡಿಕೊಳ್ಳುತ್ತದೆ. ನಾನಾದರೋ ಮೊಬೈಲ್ ಫೋನಿನ ಬ್ಯಾಟರಿಗೆ ಹೇಳುವ ಉಪದೇಶವನ್ನು ಕಾರಿಗೂ ಅನ್ವಯಿಸಿ, ನಗರದ ಓಡಾಟದಲ್ಲಿ ತಿಂಗಳುಗಟ್ಟಲೆ ಶೇಕಡಾ 80ಕ್ಕೇ ನಿಲ್ಲಿಸುತ್ತಿದ್ದೆ. ಯುಗಾದಿಯ ಹಿಂದಿನ ರಾತ್ರಿಯೂ ಕರೆಂಟ್ ಹೋಗಿ 96ಕ್ಕೆ ನಿಂತಿತ್ತು. ವರ್ಷವಿಡೀ ಬ್ಯಾಂಕಿನ ಪಾಸ್‌ಬುಕ್ ತಾಳೆ ನೋಡದೆ ನಗದು ಪುಸ್ತಕವನ್ನೇ ನಂಬಿದವನಿಗೆ ಆಗುವ ಗತಿ ನನಗಾಗಿತ್ತು. ಆಮೇಲೆ ವಾರಕ್ಕೊಮ್ಮೆ ಮನೆಯಲ್ಲೇ ನಿಧಾನವಾಗಿ ಪೂರ್ತಿ 100ರವರೆಗೆ ತುಂಬಿಸತೊಡಗಿದ ಮೇಲೆ, ಆರು ವಾರಗಳಲ್ಲಿ ಆ ಜಿಗಿತ ನಿಂತಿತು. ಇಂದಿನವರೆಗೂ ಮರುಕಳಿಸಿಲ್ಲ.

ಕಾರು ಬದಲಿಸಬೇಕೆಂದು ಹೊರಟದ್ದೇ ಆ ಜಿಗಿತದಿಂದ. ಅದು ಬ್ಯಾಟರಿಯ ದೋಷವಲ್ಲ, ನನ್ನ ಅಭ್ಯಾಸದ ದೋಷ ಎಂದು ತಿಳಿದ ಮೇಲೂ ಹೊಸ ಕಾರಿನ ಆಸೆ ಹೋಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಕಾರಣ ಬಿದ್ದುಹೋದರೂ ಆಸೆ ನಿಂತಿರುತ್ತದೆ. ಮಳಿಗೆಯ ಟೆಸ್ಟ್ ಡ್ರೈವ್‌ನಲ್ಲಿ ಆರು ಕಿಲೋಮೀಟರ್ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ನನ್ನ ಷಡ್ಡಕರ ಬಳಿ ಅದೇ 45ರ ಕಾರು ಇದ್ದುದರಿಂದ, ಜುಲೈ ಕೊನೆಯಲ್ಲಿ ಒಂದು ವಾರದ ಮಟ್ಟಿಗೆ ಕಾರುಗಳನ್ನು ಅದಲುಬದಲು ಮಾಡಿಕೊಂಡೆವು. ಇಡೀ ಪ್ರಕ್ರಿಯೆಯಲ್ಲಿ ನಾವು ಮಾಡಿದ ಅತ್ಯಂತ ವಿವೇಕದ ಕೆಲಸವೆಂದರೆ ಇದೇ ಇರಬೇಕು.

ಹೊಸ ಕಾರಿನಲ್ಲಿ ಊರಿನ ದಾರಿ ಬೇರೆಯಾಗಿಯೇ ಕಂಡಿತು. ತಿಪಟೂರು ದಾಟುವಾಗ ಇನ್ನೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ಕಡೂರಿನಲ್ಲಿ ಒಂದೇ ಸಲ, ಅರ್ಧ ಗಂಟೆ ನಿಂತೆವು; ಹಳೆಯದು 25 ಕಿಲೋವ್ಯಾಟಿನಲ್ಲಿ ಕುಡಿಯುತ್ತಿದ್ದ ಕಡೆ ಇದು 40ರ ಆಸುಪಾಸಿನಲ್ಲಿ ಕುಡಿಯಿತು. ಕಾಗದದ ಮೇಲೆ ಉಳಿತಾಯ ಐವತ್ತೈದು ನಿಮಿಷ. ಆದರೆ ಗಡಿಯಾರ ನೋಡಿಕೊಂಡಾಗ ಮನೆ ತಲುಪಿದ್ದು ಎಂದಿಗಿಂತ ಅರ್ಧ ಗಂಟೆ ಮೊದಲಷ್ಟೇ, ಏಕೆಂದರೆ ತಿಪಟೂರಿನಲ್ಲಿ ಇಡ್ಲಿ ಕಾಫಿಗೆಂದು ನಾವು ಅಭ್ಯಾಸಬಲದಿಂದ ನಿಂತೇ ಇದ್ದೆವು. ಚಾರ್ಜಿಗಾಗಿ ನಿಲ್ಲುತ್ತೇವೆಂದು ನಾಲ್ಕು ವರ್ಷ ಹೇಳಿಕೊಂಡಿದ್ದ ಆ ನಿಲುಗಡೆ ಅರ್ಧಪಾಲು ನಮ್ಮ ಹೊಟ್ಟೆಗೂ ಬೆನ್ನಿಗೂ ಸೇರಿದ್ದಾಗಿತ್ತು.

ಊರಿನ ಮನೆಯಲ್ಲಿ ಇನ್ನೊಂದು ಪಾಠ ಕಾದಿತ್ತು. ಮನೆಗೆ ಮಂಜೂರಾಗಿರುವ ವಿದ್ಯುತ್ ಹೊರೆ ಕಡಿಮೆ, ಇರುವುದು ಪಂಪ್‌ಸೆಟ್ಟಿನ ಪಕ್ಕದ 15 ಆಂಪ್ಸ್ ಸಾಕೆಟ್. ಹೊಸ ಕಾರಿಗೆ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿಕೊಳ್ಳಬಹುದಾದರೂ ಅಲ್ಲಿ ಅದಕ್ಕೆ ಜಾಗವಿಲ್ಲ. ಶೇಕಡಾ 23ರಲ್ಲಿ ರಾತ್ರಿ ಎಂಟು ಗಂಟೆಗೆ ಹಾಕಿದ ಕಾರು, ಮಳೆಯಲ್ಲಿ ಎರಡು ಸಲ ಕರೆಂಟ್ ಹೋಗಿಬಂದು, ಬೆಳಿಗ್ಗೆ ಆರಕ್ಕೆ 72 ತೋರಿಸುತ್ತಿತ್ತು. ನಮ್ಮ ಹಳೆಯದಾಗಿದ್ದರೆ ಅಷ್ಟು ಹೊತ್ತಿಗೆ ತುಂಬಿ ನಿಂತಿರುತ್ತಿತ್ತು ಎಂದು ನಾನು ಗೆದ್ದವನಂತೆ ಹೇಳಿದೆ. ನನ್ನ ಮಗಳು ಅಲ್ಲೇ ಮೊಬೈಲಿನಲ್ಲಿ ಗುಣಿಸಿ, 45ರಲ್ಲಿ ಶೇಕಡಾ 72 ಅಂದರೆ 32, ನಿಮ್ಮ ಹಳೆಯದು ಪೂರ್ತಿ ತುಂಬಿದರೂ 27 ಎಂದು ನನ್ನ ಬಾಯಿ ಮುಚ್ಚಿಸಿದಳು. ಶೇಕಡಾವಾರು ಲೆಕ್ಕ ಎಷ್ಟು ಮೋಸ ಮಾಡುತ್ತದೆಂದು ಅದನ್ನೇ ಕಲಿಸುವವನಿಗೆ ಮಗಳು ಹೇಳಿಕೊಡಬೇಕಾಯಿತು.

ಎರಡನೆಯ ದಿನ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಪೂರ್ತಿ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಹೋದ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್ ಕೂಡ ಹೇಳುವುದಿಲ್ಲ. ಹೊಸ ಕಾರಿನ ಬ್ಯಾಟರಿಯಿಂದ ಹೊರಗಿನ ಉಪಕರಣಗಳನ್ನು ನಡೆಸುವ ಸೌಲಭ್ಯವಿದೆ. ಅದರ ಅಡಾಪ್ಟರ್ ಅನ್ನು ಷಡ್ಡಕರು ಡಿಕ್ಕಿಯಲ್ಲೇ ಇಟ್ಟಿದ್ದರು. ಅಂಗಳದ ಚಪ್ಪರದ ಕೆಳಗೆ ನಿಂತ ಕಾರಿನಿಂದ ವೈರ್ ಎಳೆದು ಎರಡು ದೀಪ, ಫ್ರಿಜ್ಜು, ಕಡೆಗೆ ಅಮ್ಮನ ದೋಸೆ ಹಿಟ್ಟಿನ ಗ್ರೈಂಡರನ್ನೂ ನಡೆಸಿದೆವು. ಎರಡು ಗಂಟೆಯಲ್ಲಿ ಶೇಕಡಾ 2ರಷ್ಟೂ ಇಳಿಯಲಿಲ್ಲ. ಅದುವರೆಗೆ ಈ ಚರ್ಚೆಯಲ್ಲಿ ಆಸಕ್ತಿಯನ್ನೇ ತೋರಿಸದಿದ್ದ ಅಮ್ಮ, ತಿರುಗುತ್ತಿದ್ದ ಗ್ರೈಂಡರನ್ನು ನೋಡುತ್ತ, "ಈ ಕಾರು ಇಲ್ಲೇ ಇರ್ಲಿ, ನೀನು ಬಸ್ಸಲ್ಲಿ ಹೋಗು" ಎಂದರು. ಹೊಸ ಕಾರಿಗೆ ಬಿದ್ದ ಅತ್ಯಂತ ಪ್ರಾಮಾಣಿಕ ಮತ ಅದು.

ಬೆಂಗಳೂರಿಗೆ ಬಂದು ಲೆಕ್ಕಕ್ಕೆ ಕುಳಿತೆ. ಹಳೆಯ ಬಾಯಿಪಾಠ ಕೈಕೊಟ್ಟದ್ದು ಇಲ್ಲಿ. ಪೆಟ್ರೋಲಿನಿಂದ ವಿದ್ಯುತ್ತಿಗೆ ಬಂದಾಗ ಪ್ರತಿ ಕಿಲೋಮೀಟರೂ ಹಣ ಹಿಂದಿರುಗಿಸುತ್ತಿತ್ತು. ವಿದ್ಯುತ್ತಿನಿಂದ ವಿದ್ಯುತ್ತಿಗೆ ಹೋದರೆ ಓಡಿಸುವ ಖರ್ಚು ಹೆಚ್ಚು ಕಡಿಮೆ ಅಷ್ಟೇ. ಉಳಿತಾಯದ ಕಲಂನಲ್ಲಿ ಬರೆಯಲು ಏನೂ ಇಲ್ಲ. 80ಇಇಬಿ ಕಡಿತ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಹೊಸ ಸಾಲದ ಬಡ್ಡಿಯನ್ನು ಪೂರ್ತಿ ನಾನೇ ಹೊರಬೇಕು. ಹಳೆಯ ಕಾರಿಗೆ 7 ಲಕ್ಷ 10 ಸಾವಿರ ಬಂದರೆ ಉಳಿಯುವ ಅಂತರ ಹತ್ತೂವರೆ ಲಕ್ಷ. ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 21,800, ಒಟ್ಟು ಬಡ್ಡಿ ಎರಡೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಐದು ವರ್ಷದ ಕೊನೆಗೆ ಹೊಸದು ಆರೂವರೆ ಲಕ್ಷಕ್ಕೂ, ಹಳೆಯದು ಎರಡು ಲಕ್ಷಕ್ಕೂ ಹೋದೀತೆಂದು ಇಟ್ಟುಕೊಂಡೆ. ಹಳೆಯದಕ್ಕೆ ಟೈರು, ಸಸ್ಪೆನ್ಷನ್ ಎಂದು ಒಂದೂವರೆ ಲಕ್ಷ ತೆಗೆದಿಟ್ಟೆ. ಎಲ್ಲ ಕೂಡಿ ಕಳೆದರೆ ಬದಲಾವಣೆಯ ನಿಜವಾದ ಬೆಲೆ ಸುಮಾರು 7 ಲಕ್ಷ. ಈ ಏಳು ಲಕ್ಷಕ್ಕೆ ನನಗೆ ಸಿಗುವುದು ವರ್ಷಕ್ಕೆ ಹದಿನೆಂಟು ಪಯಣಗಳಲ್ಲಿ ತಲಾ ಐವತ್ತೈದು ನಿಮಿಷ, ಅದೂ ಇಡ್ಲಿಗೆ ನಿಲ್ಲದಿದ್ದರೆ. ಐದು ವರ್ಷಕ್ಕೆ 82 ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ ಎಂಟೂವರೆ ಸಾವಿರ ರೂಪಾಯಿ. ನನ್ನ ಒಂದು ಗಂಟೆಗೆ ಇದುವರೆಗೆ ಯಾರೂ ಅಷ್ಟು ಕೊಟ್ಟಿಲ್ಲ.

ಈ ಲೆಕ್ಕವನ್ನು ಹೆಮ್ಮೆಯಿಂದ ಪತ್ನಿಗೆ ತೋರಿಸಿದೆ. ಅವಳು ಪೂರ್ತಿ ಓದಿ, "ಏರ್‌ಬ್ಯಾಗ್ ಯಾವ ಕಲಂನಲ್ಲಿ ಬರೆದಿದ್ದೀರಿ?" ಎಂದು ಕೇಳಿದಳು. ನಮ್ಮ ಕಾರಿನಲ್ಲಿ ಇರುವುದು ಮುಂದಿನ ಎರಡು ಏರ್‌ಬ್ಯಾಗ್, ಹೊಸದರಲ್ಲಿ ಆರು. ಹೊಸ ರೂಪದ ನೆಕ್ಸಾನ್ ಇವಿಗೆ 2024ರ ಜೂನ್‌ನಲ್ಲಿ, ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತವೆಂದು ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ. ಹಿಂದಿನ ಸೀಟಿನಲ್ಲಿ ಕೂರುವವರು ಮಗಳು ಮತ್ತು ಅಮ್ಮ. ಸಮಯಕ್ಕೆ ಬೆಲೆ ಕಟ್ಟಿದಷ್ಟು ಸಲೀಸಾಗಿ ಇದಕ್ಕೆ ಬೆಲೆ ಕಟ್ಟಲು ನನಗೆ ಬರಲಿಲ್ಲ, ಈಗಲೂ ಬರುವುದಿಲ್ಲ. ಹೆದ್ದಾರಿಯಲ್ಲಿ 80 ದಾಟುವುದಿಲ್ಲ, ರಾತ್ರಿ ಪ್ರಯಾಣ ಮಾಡುವುದಿಲ್ಲ ಎಂಬ ನನ್ನ ಸಮಜಾಯಿಷಿಗಳು ನಿಜವೇ, ಆದರೆ ಎದುರಿನಿಂದ ಬರುವ ಲಾರಿಯ ಚಾಲಕ ಅವುಗಳಿಗೆ ಸಹಿ ಹಾಕಿಲ್ಲ. ವಾರಗಟ್ಟಲೆ ನಾವು ಈ ಒಂದು ವಿಷಯದ ಸುತ್ತಲೇ ತಿರುಗಿದೆವು. ಈ ಹೊತ್ತಿಗೆ ಅವಳು ಪಂದ್ಯ ಗೆದ್ದಿದ್ದಳೆಂದೇ ಹೇಳಬೇಕು.

ಸೆಪ್ಟೆಂಬರ್ 22ರಂದು ಪರಿಸ್ಥಿತಿ ಬದಲಾಯಿತು. ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ವಿದ್ಯುತ್ ಕಾರುಗಳದು ಮೊದಲಿದ್ದ ಶೇಕಡಾ 5ರಲ್ಲೇ ಉಳಿಯಿತು. ಹೊಸ ಪೆಟ್ರೋಲ್ ಕಾರು ಅಗ್ಗವಾದರೆ ಹಳೆಯ ಕಾರುಗಳೆಲ್ಲವೂ ಅದರ ಹಿಂದೆಯೇ ಇಳಿಯುತ್ತವೆ. ದಸರಾ ಕಳೆದ ಮೇಲೆ ಮಳಿಗೆಯಿಂದ ಅದೇ ಯುವಕ ಕರೆ ಮಾಡಿ, ನಮ್ಮ ಕಾರಿನ ಬೆಲೆ ಈಗ 6 ಲಕ್ಷ 20 ಸಾವಿರ, ಬೋನಸ್ ಎಂದಿನಂತೆ ಎಂದರು. ಸಹೋದ್ಯೋಗಿಯ ಪರಿಚಯದವರು ಆಗಲೇ ಹೊಸ ಪೆಟ್ರೋಲ್ ಕಾರನ್ನು ಕಾಯ್ದಿರಿಸಿದ್ದರು. ಏಪ್ರಿಲಿನಲ್ಲಿ ಕೊಟ್ಟಿದ್ದರೆ ಎಂಬ ಕೊರಗು ಒಂದು ದಿನ ಕಾಡಿತು. ಆದರೆ ಏಪ್ರಿಲಿನಲ್ಲಿ ಕೊಟ್ಟಿದ್ದರೆ, ತಪ್ಪಾಗಿ ಅರ್ಥಮಾಡಿಕೊಂಡ ಮೀಟರಿನ ಕಾರಣಕ್ಕೆ ಕೊಟ್ಟಂತಾಗುತ್ತಿತ್ತು.

ಕಡೆಗೆ ನಿರ್ಧಾರ ಮಾಡಿದ್ದು ಬೆಲೆಯಲ್ಲ. ಬ್ಯಾಟರಿಯ ಖಾತರಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ನಮ್ಮದು ಈಗ 72,000 ಓಡಿದೆ, ಕಾಲದ ಲೆಕ್ಕದಲ್ಲಿ 2029ರ ಫೆಬ್ರವರಿಯವರೆಗೆ ಖಾತರಿ ಇದೆ. ಕಾರಿನ ಅತ್ಯಂತ ದುಬಾರಿ ಭಾಗದ ಹೊಣೆ ಇನ್ನೂ ಮೂರು ವರ್ಷಕ್ಕೂ ಹೆಚ್ಚು ತಯಾರಕರದ್ದಾಗಿರುವಾಗ, ಅದನ್ನು ಅಳೆಯಲೂ ಮನಸ್ಸು ಮಾಡದವರಿಗೆ ಬಿಟ್ಟುಕೊಡುವುದು ನನಗೆ ಸರಿಕಾಣಲಿಲ್ಲ. ದಾರಿಯೂ ಬದಲಾಗಿದೆ. 2021ರಲ್ಲಿ ತಿಪಟೂರಿನ ಒಂದು ಯಂತ್ರ ಕೆಟ್ಟಿದ್ದರೆ ನಮ್ಮ ಪಯಣವೇ ಕೆಡುತ್ತಿತ್ತು. ಈಗ ಅದೇ ಪಟ್ಟಿಯಲ್ಲಿ ಒಂದು ಕೆಟ್ಟರೆ ಇನ್ನೊಂದನ್ನು ಹುಡುಕಿಕೊಳ್ಳಬಹುದಾಗಿದೆ. ಕಾರು ಹಳೆಯದಾಗುತ್ತಿರುವ ವೇಗಕ್ಕಿಂತ ರಸ್ತೆ ಅದಕ್ಕೆ ಅನುಕೂಲವಾಗುತ್ತಿರುವ ವೇಗ ಹೆಚ್ಚು. ಅಮ್ಮನ ಗ್ರೈಂಡರಿಗಾಗಿ ಊರಿನ ಮನೆಗೆ ಒಂದು ಇನ್ವರ್ಟರ್ ಹಾಕಿಸಿದ್ದೇನೆ, ಕಾರಿಗೆ ನಾಲ್ಕೂ ಹೊಸ ಟೈರು ಹಾಕಿಸಿದ್ದೇನೆ. ಹೊಸ ಕಾರಿನ ಕಂತಿನಷ್ಟು ಹಣವನ್ನು ತಿಂಗಳು ತಿಂಗಳು ಆರ್.ಡಿ. ಖಾತೆಗೆ ಹಾಕುತ್ತಿದ್ದೇನೆ. ಪತ್ನಿಯ ಷರತ್ತು ಅದು.

ದೀಪಾವಳಿಗೆ ಹೋದಾಗ ಭದ್ರಾವತಿಯ ಅದೇ ತಿರುವಿನಲ್ಲಿ ಚಾರ್ಜ್ ಶೇಕಡಾ 19 ಇತ್ತು, ತಿರುವು ದಾಟಿದ ಮೇಲೂ 19 ಇತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದೆವೆಂದು ಆಮೇಲೆ ಗೊತ್ತಾಯಿತು. ಮನೆಗೆ ಬಂದು ಪುಸ್ತಕದಲ್ಲಿ, ಮುಂದಿನ ಅಳತೆ 2026ರ ಫೆಬ್ರವರಿಯಲ್ಲಿ, ಶೇಕಡಾ 20ರಿಂದ 100 ಎಂದು ಬರೆದಿಟ್ಟೆ. ಮರುದಿನ ನೋಡಿದಾಗ ಅದರ ಕೆಳಗೆ ಪತ್ನಿಯ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: "ಏರ್‌ಬ್ಯಾಗ್ — ಬಾಕಿ."